ಯುದ್ಧ ಅಲ್ಲಿ, ಒಗ್ಗರಣೆ ಇಲ್ಲಿ



ಯುದ್ಧದ ಸುದ್ದಿಯಲ್ಲಿ ಗಡಿ, ಸೈನಿಕರು, ಕ್ಷಿಪಣಿಗಳ ಲೆಕ್ಕವೇ ಹೆಚ್ಚು. ಇನ್ನೊಂದು ಲೆಕ್ಕ ಮುಂಬ್ರಾದ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಇಂದು ಅದನ್ನು ನೋಡೋಣ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಕೆಲವೇ ವಾರಗಳಲ್ಲಿ ಇಲ್ಲಿ ಸೂರ್ಯಕಾಂತಿ ಎಣ್ಣೆ ದುಬಾರಿಯಾಯಿತು. ನಮ್ಮ ದೇಶದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಹಾಗೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಆಗ ಬಹುಪಾಲು ಉಕ್ರೇನಿನದೇ. ಒಡೆಸಾ ಮೊದಲಾದ ಬಂದರುಗಳಲ್ಲಿ ಹಡಗು ನಿಂತವು, ಅಲ್ಲಿನ ರೈತರ ಹೊಲಗಳಲ್ಲಿ ನೆಲಬಾಂಬು ಬಿದ್ದವು. ಸಾಲದ್ದಕ್ಕೆ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ಸುಮಾರು ಮೂರು ವಾರ ಪಾಮ್ ಎಣ್ಣೆಯ ರಫ್ತು ನಿಲ್ಲಿಸಿತು.

ಇಂಥ ಪೆಟ್ಟು ಮೊದಲು ತಗಲುವುದು ಸ್ಟೇಷನ್ ಹೊರಗೆ ವಡಾ ಕರಿಯುವವರಿಗೆ, ಖಾನಾವಳಿ ನಡೆಸುವ ಅಕ್ಕಂದಿರಿಗೆ, ದಿನಗೂಲಿಯ ಮನೆಗಳಿಗೆ.

ಬೆಲೆ ಇಳಿಸಲು ಕೇಂದ್ರ ಸರಕಾರ ಆ ಮೇ ತಿಂಗಳಲ್ಲಿ ಒಂದು ಕ್ರಮ ಕೈಗೊಂಡಿತು. ವರ್ಷಕ್ಕೆ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣೆಯನ್ನು ಎರಡು ವರ್ಷ ಸುಂಕವಿಲ್ಲದೆ ತರಿಸಬಹುದು ಎಂದಿತು. ಜುಲೈಯಲ್ಲಿ ಇಸ್ತಾಂಬುಲ್ ಒಪ್ಪಂದವಾಗಿ ಹಡಗುಗಳೂ ಹೊರಟವು. ಬೆಲೆ ಇಳಿಯಿತು, ನಾವು ಉಸಿರು ಬಿಟ್ಟೆವು.

ಊರ ಕಡೆ ಮಾತ್ರ ಲೆಕ್ಕ ತಿರುಗಿತು. ಎಣ್ಣೆ ಅಗ್ಗವಾದಂತೆ ಬೀಜದ ದರವೂ ಕುಸಿಯಿತು. ಕ್ವಿಂಟಾಲಿಗೆ 6,400 ರೂಪಾಯಿಯ ಬೆಂಬಲ ಬೆಲೆ ಸಿಗದೆ 2023ರ ಜೂನ್‌ನಲ್ಲಿ ಹರಿಯಾಣದ ಕುರುಕ್ಷೇತ್ರದ ರೈತರು ಹೆದ್ದಾರಿಗಿಳಿದರು. 2024ರಲ್ಲಿ ಕರ್ನಾಟಕದಲ್ಲೂ ದರ ಬೆಂಬಲ ಬೆಲೆಗಿಂತ ಕೆಳಗಿಳಿದು, 7,280 ರೂಪಾಯಿಗೆ ಸರಕಾರವೇ ಖರೀದಿಗೆ ಮುಂದಾಗಬೇಕಾಯಿತು. ಆ ಸೆಪ್ಟೆಂಬರ್‌ನಲ್ಲಿ ಆಮದು ಸುಂಕ ಏರಿತು, 2025ರ ಮೇ ಕೊನೆಯಲ್ಲಿ ಮತ್ತೆ ಇಳಿಯಿತು.

ಗದಗ, ಕೊಪ್ಪಳ, ಬಳ್ಳಾರಿ ಕಡೆಯ ನಮ್ಮ ಬಂಧುಗಳಿಗೆ ಗೊತ್ತು, ಒಂದು ಕಾಲಕ್ಕೆ ಅಲ್ಲಿನ ಎರೆಹೊಲಗಳು ಸೂರ್ಯಕಾಂತಿಯಿಂದ ಹಳದಿಯಾಗುತ್ತಿದ್ದವು. ದರದ ನಂಬಿಕೆ ಹೋದಂತೆ ರೈತ ಮೆಕ್ಕೆಜೋಳಕ್ಕೆ, ಇತರ ಬೆಳೆಗಳಿಗೆ ಹೊರಳಿದ. ಯುದ್ಧ ಬಂದ ದಿನ ಅವನನ್ನು ಹುಡುಕಿದರೆ ಎಣ್ಣೆ ಸಿಗುವುದಿಲ್ಲ. ಬೀಜ ಬಿತ್ತಿ ಬೆಳೆ ಕೈಗೆ ಬರಲು ಮೂರು ತಿಂಗಳಾದರೂ ಬೇಕು.

ಎಣ್ಣೆ ಅಗ್ಗವಾಗಿರಲಿ ಎಂದು ನಾವು ಬಯಸುವುದು ತಪ್ಪಲ್ಲ. ಆದರೆ ನಮ್ಮ ಅಗ್ಗದ ಭಾರವನ್ನು ಊರಿನ ಅಣ್ಣತಮ್ಮಂದಿರೇ ಹೊರಬಾರದು. ಶಾಂತಿಯ ದಿನಗಳಲ್ಲೇ ಅವರಿಗೆ ನಿಂತ ಬೆಲೆ ಸಿಗಲಿ. ಊರಿಂದ ಬರುವಾಗ ಶೇಂಗಾ, ಕುಸುಬಿ ಎಣ್ಣೆಯ ಒಂದು ಡಬ್ಬಿ ನಮ್ಮ ಚೀಲದಲ್ಲೂ ಇರಲಿ.