ಹಳೆಯ ಪಿಕಪ್ ಗಾಡಿಗೆ ಗುಜರಿ ಮ್ಯಾನಿಫೋಲ್ಡ್

ಎಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಮ್ಯಾನಿಫೋಲ್ಡ್ ಸೀಳಿದರೆ, ಗುಜರಿಯಿಂದ ತಂದು ಹಾಕುವುದುಂಟು. ತಪ್ಪೇನಿಲ್ಲ, ಆದರೆ ನೋಡಿ ತನ್ನಿ. ಅದೇ ಮಾದರಿಯ ಎಂಜಿನ್ನಿನದಾಗಿರಲಿ. ಕೂರುವ ಮುಖದ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ. ಸಂದು ಕಂಡರೆ, ಕಾದು ಕಾದು ಸೊಟ್ಟಗಾಗಿದೆ ಎಂದರ್ಥ. ಮಟ್ಟ ಮಾಡಿಸದೆ ಹಾಕಬೇಡಿ. ಪ್ಯಾಕಿಂಗ್ ಮಾತ್ರ ಹೊಸದೇ ಇರಲಿ. ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಒಮ್ಮೆ ಓಡಿಸಿ, ಆರಿದ ಮೇಲೆ ಮತ್ತೆ ನೋಡಿ.

ಟಕ್ ಟಕ್ ಸದ್ದು ಬಂದರೆ ಹೊಗೆ ಸೋರುತ್ತಿರಬಹುದು. ಅದರಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಮುಂದೆ ಹೆಂಡತಿ ಮಕ್ಕಳು ಕೂತಿರುತ್ತಾರಲ್ಲವೇ? ತಲೆನೋವು, ತಲೆಸುತ್ತು ಬಂದರೆ ಕೂಡಲೇ ಎಲ್ಲರನ್ನೂ ಗಾಳಿಗೆ ಇಳಿಸಿ. ಮುಚ್ಚಿದ ಕೊಟ್ಟಿಗೆಯಲ್ಲಂತೂ ಎಂಜಿನ್ ಓಡಿಸಲೇಬೇಡಿ.