ಎಡೆದೊರೆ ನಾಡಿನ ಒಳಹಾದಿಗಳು

(ಸಿಂಧನೂರಿನಲ್ಲಿ ಶಿಕ್ಷಕರ ಕೂಟವೊಂದರ ಮುಂದೆ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಇತಿಹಾಸಜ್ಞನೂ ಅಲ್ಲ. ಹಳೆಯದೊಂದು ಸಾಯಕಲ್ಲು ನನ್ನಲ್ಲಿದೆ; ಸೂಟಿಯ ದಿನಗಳಲ್ಲಿ ಅದನ್ನೇರಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವಣ ಸಣ್ಣ ಹಾದಿಗಳಲ್ಲಿ ತಿರುಗುವ ಚಟವೊಂದು ನನಗುಂಟು. ಈ ಚಟದ ಕುರಿತು ನಾಲ್ಕು ಮಾತನಾಡಬೇಕೆಂದು ಕೂಟದವರು ಅಪ್ಪಣೆ ಮಾಡಿದಾಗ ನನಗೆ ನಗೆಯೇ ಬಂದಿತು. ಆದರೆ ಇದರೊಳಗೆ ನನ್ನದೊಂದು ತಪ್ಪೊಪ್ಪಿಗೆಯೂ ಅಡಗಿರುವದರಿಂದ, ನನ್ನ ವೃತ್ತಿಯವರಾದ ನಿಮ್ಮೆದುರಿಗೆ ಅದನ್ನು ಹೇಳಿಬಿಡುವದೇ ಲೇಸೆಂದು ಬಂದಿದ್ದೇನೆ.

ಹದಿನೆಂಟು ವರುಷ ನಾನು ಹುಡುಗರಿಗೆ ಅಶೋಕ ಚಕ್ರವರ್ತಿಯ ಪಾಠ ಹೇಳಿದೆನು. ಕಳಿಂಗದ ಯುದ್ಧ, ಧರ್ಮಶಾಸನಗಳು, ಸಾರನಾಥದ ಸಿಂಹಗಳು ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದೆನು. ಅದೇ ಹದಿನೆಂಟು ವರುಷ ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಓಡಾಡಿದೆನು. ನಡುವೆ ಮಸ್ಕಿ ಬರುತ್ತದೆ, ಬಸ್ಸು ನಿಲ್ಲುತ್ತದೆ, ಶೇಂಗಾ ಮಾರುವವರು ಕಿಟಕಿಗೆ ಬರುತ್ತಾರೆ, ಬಸ್ಸು ಹೊರಡುತ್ತದೆ. ಒಮ್ಮೆಯಾದರೂ ನಾನು ಅಲ್ಲಿ ಇಳಿದು ಬೆಟ್ಟದ ಕಡೆಗೆ ಹೋಗಲಿಲ್ಲ.

2021ರ ಏಪ್ರಿಲಿನಲ್ಲಿ ಸಾರಿಗೆ ನೌಕರರ ಮುಷ್ಕರದಿಂದ ಬಸ್ಸುಗಳು ನಿಂತವು. ಲಿಂಗಸುಗೂರಿನಲ್ಲಿ ನನಗೆ ತಪ್ಪಿಸಲಾಗದ ಕೆಲಸವಿದ್ದಿತು. ಮಗನ ಸಾಯಕಲ್ಲನ್ನು ತೆಗೆದುಕೊಂಡು ನಸುಕಿನ ನಾಲ್ಕೂವರೆಗೆ ಹೊರಟೆನು. ಸಿಂಧನೂರಿನಿಂದ ಲಿಂಗಸುಗೂರು ಐವತ್ತು ಕಿಲೋಮೀಟರಿಗೆ ತುಸು ಮೇಲೆ; ಮಸ್ಕಿ ಸರಿಸುಮಾರು ನಟ್ಟನಡುವೆ. ಹೊತ್ತೇರಿ ಬಿಸಿಲು ಚುರುಗುಟ್ಟುವ ಹೊತ್ತಿಗೆ ಮಸ್ಕಿಯನ್ನು ಮುಟ್ಟಿ, ಕಾಲು ಸೋತು, ನೆರಳನ್ನು ಹುಡುಕುತ್ತ ಬಂಡೆಗಳ ಬಳಿಗೆ ಹೋದೆನು. ಊರಲ್ಲೆಲ್ಲ ಉಪಚುನಾವಣೆಯ ಗದ್ದಲ. ಜೀಪುಗಳು ಕೂಗುತ್ತ ಹೋಗುತ್ತಿದ್ದವು. ನಾನು ಕುಳಿತುಕೊಳ್ಳಲು ಹುಡುಕಿದ ನೆರಳು ಅಶೋಕನ ಶಾಸನದ ಬಂಡೆಯ ಮಗ್ಗುಲಿನದಾಗಿದ್ದಿತು!

ಆ ಬಂಡೆಯ ಮಹಿಮೆಯನ್ನು ನೀವು ಪುಸ್ತಕದಲ್ಲಿ ಓದಿರುವಿರಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀ ಲಿಪಿಯನ್ನು ಬಿಡಿಸಿದನು. ಆದರೆ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಇದ್ದು, ಈತನು ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಯಿತು. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಮಸ್ಕಿಯ ಬಂಡೆ ಬಿದ್ದಿತು. ಅದರಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರುಷ ಪ್ರಕಟಿಸಿದರು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ತುಂಗಭದ್ರೆಯ ಆಚೆಗೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಆ ಹೆಸರು ದೊರೆತದ್ದರಿಂದ ಮಸ್ಕಿ ಈಗ ಒಂಟಿಯಲ್ಲ. ಆದರೂ ಮೊದಲನೆಯದು ಅದೇ. ಧರ್ಮದಲ್ಲಿ ನಿಂತ ಚಿಕ್ಕವನೂ ಈ ಗುರಿಯನ್ನು ಮುಟ್ಟಬಲ್ಲನು, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ಇಷ್ಟನ್ನೂ ನಾನು ಬಾಯಿಪಾಠವಾಗಿ ಬಲ್ಲೆನು. ಬಂಡೆಯನ್ನು ಕಂಡದ್ದು ಮಾತ್ರ ಹದಿನೆಂಟು ವರುಷಗಳ ಮೇಲೆ, ಬಸ್ಸು ನಿಂತದ್ದರಿಂದ!

ಅಂದಿನಿಂದ ತಿರುಗಾಟ ಹತ್ತಿಕೊಂಡಿತು. ಹೆದ್ದಾರಿಯನ್ನು ನಾನು ಆದಷ್ಟು ಬಿಟ್ಟೇ ಹೋಗುತ್ತೇನೆ. ಅದು ಈಗ ರಾಷ್ಟ್ರೀಯ ಹೆದ್ದಾರಿ 150ಎ. ಭತ್ತದ ಲಾರಿಗಳ ಗಾಳಿಯೇ ಸವಾರನನ್ನು ಚರಂಡಿಗೆ ನೂಕುವಂಥದು. ಅದರ ಎರಡೂ ಮಗ್ಗುಲಿಗೆ ತುರ್ವಿಹಾಳ, ಬಳಗಾನೂರುಗಳ ಕಡೆಗೆ ಒಡೆಯುವ ಹಾದಿಗಳಿವೆ, ಕಾಲುವೆಯ ದಂಡೆಗಳಿವೆ. ತುಂಗಭದ್ರಾ ಎಡದಂಡೆಯ ಕಾಲುವೆ 227 ಕಿಲೋಮೀಟರು ಹರಿದು ಬರುವದು. ಅಣೆಕಟ್ಟು ಮುಗಿದದ್ದು 1953ರಲ್ಲಿ. ನೀರು ಏರನ್ನು ಏರಲಾರದಷ್ಟೇ? ಆದ್ದರಿಂದ ಕಾಲುವೆಯು ನೆಲದ ಮಟ್ಟವನ್ನು ಹಿಡಿದು ಬಳಸಿ ಬಳಸಿ ಹೋಗುತ್ತದೆ. ಅದರ ದಂಡೆಯ ಹಾದಿಯೂ ಮಟ್ಟಸವೇ. ನನ್ನ ವಯಸ್ಸಿನವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಡ. ದಂಡೆಯನ್ನು ಬಿಟ್ಟು ಮಸ್ಕಿಯ ಕಡೆಗೆ ತಿರುಗಿದರೆ ಗದ್ದೆಯ ತಂಪು ಮುಗಿದು ಎರೆಭೂಮಿ, ಜೋಳ, ಕಡಲೆ, ಆಮೇಲೆ ಕಲ್ಲುಗುಡ್ಡಗಳು. ನೀರು ಬಂದ ಊರಾವುದು, ಬಾರದ ಊರಾವುದು ಎಂಬುದನ್ನು ನಕಾಶೆ ಹೇಳುವದಕ್ಕಿಂತ ಮೊದಲೇ ಮೊಣಕಾಲು ಹೇಳುತ್ತದೆ.

ಕಷ್ಟಗಳನ್ನೂ ಮುಚ್ಚಿಡಲಾರೆ. ಮಳೆಯಾದ ಎರೆಯ ಹಾದಿಗೆ ಸಾಯಕಲ್ಲನ್ನು ಒಯ್ಯಲೇಬಾರದು. ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ಕೊನೆಗೆ ನೀವೇ ಅದನ್ನು ಹೊತ್ತು ನಡೆಯಬೇಕಾಗುವದು. ಆಷಾಢದಲ್ಲಿ ಪಡುವಣ ಗಾಳಿ ಎದೆಗೆ ಬಡಿಯುವದರಿಂದ ಲಿಂಗಸುಗೂರಿಗೆ ಹೋಗುವದು ದಂಡ, ಬರುವದು ಹಬ್ಬ. ಎಲ್ಲಕ್ಕೂ ಮಿಗಿಲಾದ ವೈರಿ ಬಳ್ಳಾರಿ ಜಾಲಿ. ಹೊಲದವರು ಬೇಲಿಗೆಂದು ಕಡಿದ ಅದರ ಮುಳ್ಳು ಧೂಳಿನಲ್ಲಿ ಹುದುಗಿ, ಬಸ್ಸಿಗೆ ಗೊತ್ತಾಗದಂತೆ, ನಮಗೆ ಮಾತ್ರ ಗೊತ್ತಾಗುವಂತೆ ಕಾದಿರುತ್ತದೆ.

ಅಂಥದೊಂದು ಮುಳ್ಳು ಕಳೆದ ಮಾಗಿಯಲ್ಲಿ ನನ್ನನ್ನು ಸಿಂಧನೂರು ತಾಲೂಕಿನ ಬಂಗಾಲಿ ನಿರಾಶ್ರಿತರ ಕ್ಯಾಂಪೊಂದರ ಬದಿಗೆ ನಿಲ್ಲಿಸಿತು. ಪೂರ್ವ ಪಾಕಿಸ್ತಾನದಿಂದ ಬಂದ ಕುಟುಂಬಗಳು ಅರ್ಧ ಶತಮಾನದಿಂದ ಅಲ್ಲಿವೆಯೆಂಬುದು ನಿಮಗೆ ಗೊತ್ತೇ ಇದೆ. ಬಸ್ಸಿನಿಂದ ನಾನು ಆ ಫಲಕವನ್ನು ಓದಿದ್ದೆನೇ ಹೊರತು, ಒಳಗೆ ಕಾಲಿಟ್ಟವನಲ್ಲ. ಮುದುಕನೊಬ್ಬನು ಅಂಗಳದಿಂದಲೇ ಕೂಗಿದನು: “ಎಲ್ಲಿಗೆ ಹೊಂಟೀರಿ ಸರ? ಬಿಸಲಾಗ ಯಾಕ ನಿಂತೀರಿ, ನೆರಳಿಗೆ ಬರ್ರಿ!” ಮನೆಯವಳಿಗೆ ಬಂಗಾಲಿಯಲ್ಲಿ ಏನೋ ಹೇಳಿ ಬೋಗುಣಿಯಲ್ಲಿ ನೀರು ತರಿಸಿದನು. ಟ್ಯೂಬನ್ನು ಮುಳುಗಿಸಿ ಗುಳ್ಳೆ ಬಂದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ತೇಪೆ ಹಚ್ಚುತ್ತ, ತಾನು ಹುಡುಗನಾಗಿದ್ದಾಗ ಕಂಡ ನದಿಗಳ ಸುದ್ದಿಯನ್ನು ನಮ್ಮ ಸಿಂಧನೂರಿನ ಕನ್ನಡದಲ್ಲಿ ಹೇಳಿದನು. ಅಲ್ಲಿಯ ನದಿಯ ದಂಡೆಗೆ ನಿಂತರೆ ಆಚೆಯ ದಂಡೆ ಕಾಣುತ್ತಿರಲಿಲ್ಲವಂತೆ. “ನಿಮ್ಮ ಹೊಳಿ ಸಣ್ಣದು ಸರ, ಆದರ ಮನಿ ಹೊಕ್ಕೊಳ್ಳಂಗಿಲ್ಲ” ಎಂದನು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಬಂಧುಗಳೇ, 1948ರ ವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಕನ್ನಡ ರಾಜ್ಯವನ್ನು ಸೇರಿದ ನೆಲವಿದು. ಏಕೀಕರಣಕ್ಕೆ ದುಡಿದವರು ಕನ್ನಡಿಗನಿಗೆ ತನ್ನ ನಾಡಿನ ಗುರುತಿಲ್ಲವೆಂದು ಮರುಗುತ್ತಿದ್ದರು. ರಾಜ್ಯ ಕೂಡಿ ಬಂದಿತು, ಆದರೆ ಗುರುತು? ಹಳೆಯ ಶಾಸನಗಳು ಎಡೆದೊರೆ ಎಂದು ಕರೆದ ಈ ನಾಡಿನ ಹುಡುಗರಲ್ಲಿ ಮುದಗಲ್ಲಿನ ಕೋಟೆಯನ್ನು, ಹಟ್ಟಿಯ ಚಿನ್ನದ ಗಣಿಯನ್ನು ಕಂಡವರೆಷ್ಟು ಮಂದಿಯೆಂದು ನನ್ನ ತರಗತಿಯಲ್ಲಿ ಕೇಳಿದೆನು. ನಾಲ್ವತ್ತೊಂದು ಮಕ್ಕಳಲ್ಲಿ ಆರು ಕೈಗಳು ಎದ್ದವು. ಎರಡೂ ಲಿಂಗಸುಗೂರು ತಾಲೂಕಿನೊಳಗೇ ಇವೆ.

ಇನ್ನು ಸಾಯಕಲ್ಲು ಎಲ್ಲಿಂದ ಬರಬೇಕೆನ್ನುವಿರಾ? 2006-07ರಿಂದ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸಾಯಕಲ್ಲು ಹಂಚಿತು. ಕೊರೋನಾ ವರುಷಗಳಲ್ಲಿ ಹಂಚಿಕೆ ನಿಂತಿತು. ಹಂಚಿದವುಗಳಲ್ಲಿ ಎಷ್ಟೋ ನಾನು ಕಂಡ ಮನೆಗಳಲ್ಲಿ ಗಾಳಿಯಿಲ್ಲದೆ ಗೋಡೆಗೊರಗಿವೆ. ಮೇವಿನ ಹೊರೆ ಹೊರುವದೊಂದೇ ಅವುಗಳ ಕೆಲಸ. ಹುಡುಗಿಯರಂತೂ ಹತ್ತನೆಯದು ಮುಗಿದ ಮರುದಿನವೇ ಅದನ್ನು ತಮ್ಮನಿಗೆ ಒಪ್ಪಿಸುತ್ತಾರೆ. ಈ ಕೊನೆಯ ಮಾತಿಗೆ ತಾಯಂದಿರು ನನ್ನ ಮೇಲೆ ಸಿಟ್ಟಾಗಲಿ, ಚಿಂತೆಯಿಲ್ಲ. 1923ರಲ್ಲಿ ಮುಂಬಯಿಯ ಪಾರ್ಸಿ ತರುಣರು ಸಾಯಕಲ್ಲಿನ ಮೇಲೆ ಜಗತ್ತನ್ನು ಸುತ್ತಲು ಹೊರಟು, ಅವರಲ್ಲಿ ಮೂವರು 1928ರಲ್ಲಿ ತಿರುಗಿ ಬಂದರು. ನಾವು ಜಗತ್ತನ್ನು ಸುತ್ತಬೇಕಾಗಿಲ್ಲ. ಮಸ್ಕಿಗೆ ಹೋಗಿ ಬಂದರೆ ಸಾಕು.

ದೀಪಾವಳಿ ಕಳೆದಿದೆ, ಶಿವರಾತ್ರಿಯ ತನಕ ಹವೆ ಒಳ್ಳೆಯದು. ನನ್ನ ತರಗತಿಯ ಒಂಬತ್ತು ಮಕ್ಕಳು, ಅವರಲ್ಲಿ ನಾಲ್ವರು ಹುಡುಗಿಯರು, ತಂದೆತಾಯಿಗಳ ಒಪ್ಪಿಗೆ ತಂದಿದ್ದಾರೆ. ಬರುವ ರವಿವಾರ ನಸುಕಿನ ಐದಕ್ಕೆ ಶಾಲೆಯ ಅಂಗಳದಿಂದ ಹೊರಡುವೆವು. ಜೊತೆಗೆ ಇನ್ನಿಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರಾದರೂ ಶಿಕ್ಷಕಿ, ಬೇಕಾಗಿದ್ದಾರೆ. ರೊಟ್ಟಿ, ಶೇಂಗಾ ಹಿಂಡಿ, ಎರಡು ಬಾಟಲಿ ನೀರು ತರಬೇಕು. ಪಂಪು, ತೇಪೆಗಳು ನನ್ನಲ್ಲಿವೆ. ಬರುವವರು ಈ ಸಭೆ ಮುಗಿದೊಡನೆ ಹೆಸರು ಬರೆಸಬೇಕಾಗಿ ಬೇಡುತ್ತೇನೆ.