ಎರಡು ಪುಟದ ಪೇಪರ್‌ಗೆ ಎಷ್ಟು ಅಂಕ?

ನಾನು ಪುಣೆಯಲ್ಲಿರೋ ಸಾಫ್ಟ್‌ವೇರ್ ಇಂಜಿನಿಯರ್, ಡಾಕ್ಟರ್ ಅಲ್ಲ. ಆದರೂ ಇವತ್ತು ಒಬ್ಬ ವೈದ್ಯ ವಿಜ್ಞಾನಿಯ ಬಗ್ಗೆ ಮಾತಾಡ್ತೀನಿ. ಕಾರಣ ಇಷ್ಟೇ: ನನ್ನ ಕೆಲಸ ಸರ್ಚ್ ಮತ್ತು ರ‍್ಯಾಂಕಿಂಗ್. ಯಾವುದು ಮೇಲೆ ಬರಬೇಕು, ಯಾವುದು ಕೆಳಗೆ ಅಂತ ಅಂಕಿಗಳಿಂದ ತೀರ್ಮಾನಿಸೋದು. ವಿಜ್ಞಾನಿಗಳನ್ನೂ ಈಗ ಹೀಗೇ ಅಳೀತಾರೆ.

ಒಂದು ಸಂಶೋಧನಾ ಪ್ರಬಂಧವನ್ನು ಬೇರೆ ಪ್ರಬಂಧ ಉಲ್ಲೇಖಿಸಿದರೆ ಅದು ಒಂದು ಸೈಟೇಶನ್. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಇವುಗಳ ಸೂಚಿ ಮಾಡಬೇಕು ಅಂತ ಬರೆದರು, 1960ರ ದಶಕದಲ್ಲಿ ಮಾಡಿಯೂ ತೋರಿಸಿದರು. ಗೂಗಲ್‌ನ ಪೇಜ್‌ರ‍್ಯಾಂಕ್‌ಗೂ ಇದೇ ಯೋಚನೆ ಆಧಾರ: ಯಾರ ಕಡೆ ಹೆಚ್ಚು ಜನ ಬೆರಳು ತೋರಿಸ್ತಾರೋ ಅವರು ಮುಖ್ಯ. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ತಂದರು. ನಿಮ್ಮ 10 ಪ್ರಬಂಧಗಳಿಗೆ ತಲಾ ಕನಿಷ್ಠ 10 ಸೈಟೇಶನ್ ಇದ್ದರೆ ನಿಮ್ಮ ಎಚ್-ಇಂಡೆಕ್ಸ್ 10. ಸರಳ, ಅಲ್ವಾ?

ಈಗ ಕೋಲ್ಕತ್ತಾಕ್ಕೆ ಬನ್ನಿ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಇದೇ ಊರಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ್ದರು. ಅದು ಏನೋ ವಿಷ ಬಿಡುತ್ತೆ ಅಂತ ಊಹಿಸಿದ್ದರು. ಮುಂದಿನ 75 ವರ್ಷ ಆ ವಿಷವನ್ನು ಯಾರೂ ಸರಿಯಾಗಿ ತೋರಿಸಲಿಲ್ಲ.

ತೋರಿಸಿದವರು ಶಂಭುನಾಥ್ ಡೇ. ಹೂಗ್ಲಿ ಜಿಲ್ಲೆಯವರು, ಹುಟ್ಟಿದ್ದು 1915ರಲ್ಲಿ. ಲಂಡನ್ನಿನಲ್ಲಿ ಪಿಎಚ್‌ಡಿ ಮುಗಿಸಿ 1949ರಲ್ಲಿ ವಾಪಸ್ ಬಂದು, ಕೋಲ್ಕತ್ತಾದಲ್ಲಿ ಪೆಥಾಲಜಿ ಪಾಠ ಮಾಡ್ತಿದ್ದರು. ಅವರ ಪ್ರಯೋಗ ತುಂಬಾ ಸರಳ. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು, ಅದು ದೇಹದೊಳಗೆ ಇರುವಾಗಲೇ, ಎರಡೂ ಕಡೆ ದಾರದಿಂದ ಕಟ್ಟಿ ಒಳಗೆ ಕಾಲರಾ ರೋಗಾಣು ಬಿಟ್ಟರು. ಆ ತುಂಡು ನೀರು ತುಂಬಿ ಊದಿಕೊಂಡಿತು. ಇದು 1953ರ ಪ್ರಬಂಧ. ಆಮೇಲೆ ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದೂ ರೋಗಾಣು ಇಲ್ಲದ ಹಾಗೆ ಮಾಡಿ, ಆ ದ್ರವ ಮಾತ್ರ ಬಿಟ್ಟರು. ಆಗಲೂ ಕರುಳು ಊದಿತು! ಅಂದರೆ ನೀರು ಹರಿಸೋದು ರೋಗಾಣು ಬಿಟ್ಟ ವಿಷ. 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡು ಪುಟದ ಪ್ರಬಂಧ ಬಂತು.

ಆಮೇಲೆ? ಶುರುವಿನಲ್ಲಿ ಹೆಚ್ಚು ಜನ ಗಮನಿಸಲಿಲ್ಲ. 1969ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ವಿಷವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಸಂಶೋಧನೆ ಜೋರಾಗಿ ನಡೀತು. ಆ ವಿಷದ ಒಂದು ನಿರುಪದ್ರವಿ ಭಾಗ ಇವತ್ತು ಬಾಯಿಗೆ ಹಾಕುವ ಒಂದು ಕಾಲರಾ ಲಸಿಕೆಯಲ್ಲೂ ಇದೆ. ಡೇ ಮಾತ್ರ 1973ರಲ್ಲಿ ನಿವೃತ್ತರಾದರು, 1985ರಲ್ಲಿ ತೀರಿಕೊಂಡರು. ನಮ್ಮ ದೇಶದ ವಿಜ್ಞಾನ ಅಕಾಡೆಮಿಗಳು ಅವರನ್ನು ಫೆಲೋ ಆಗಿ ಆರಿಸಲೇ ಇಲ್ಲ. 1986ರಲ್ಲಿ, ಸೈಟೇಶನ್ ಸೂಚಿ ಕಟ್ಟಿದ ಅದೇ ಗಾರ್‌ಫೀಲ್ಡ್, ಮೊದಲು ಗುರುತಿಸದೇ ಹೋದ ಆ ಪ್ರಬಂಧ ಒಂದು ಮೈಲಿಗಲ್ಲು ಅಂತ ಬರೆದರು. 1990ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆ ಡೇ ಅವರ ಮೇಲೆ ವಿಶೇಷ ಸಂಚಿಕೆ ತಂತು. ಅಷ್ಟರಲ್ಲಿ ಅವರು ಹೋಗಿ ಐದು ವರ್ಷ ಆಗಿತ್ತು.

ಇದರಲ್ಲಿ ಲೆಕ್ಕದ ಮಾತು ಏನು? ಒಂದು: ಸೈಟೇಶನ್ ತಡವಾಗಿ ಬರುತ್ತೆ, ಬಡ್ತಿ ಸಮಿತಿ ಅಷ್ಟು ಕಾಯಲ್ಲ. ಎರಡು: ಒಬ್ಬರು ಆ 1959ರ ಪ್ರಬಂಧ ಒಂದನ್ನೇ ಬರೆದಿದ್ದರು ಅಂದ್ಕೊಳ್ಳಿ. ಅದಕ್ಕೆ ಹತ್ತು ಸಾವಿರ ಸೈಟೇಶನ್ ಬಂದರೂ ಎಚ್-ಇಂಡೆಕ್ಸ್ 1. ಮೂರು: ಸೈಟೇಶನ್ ಅಂದರೆ ಹೊಗಳಿಕೆ ಅಂತೇನೂ ಅಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ವೇಕ್‌ಫೀಲ್ಡ್ ಅವರ 1998ರ ಪ್ರಬಂಧವನ್ನು 'ಲ್ಯಾನ್ಸೆಟ್' 2010ರಲ್ಲಿ ಹಿಂಪಡೆಯಿತು. ಅದು ತಪ್ಪು ಅಂತ ಹೇಳೋಕೆ ಉಲ್ಲೇಖಿಸಿದರೂ ಲೆಕ್ಕಕ್ಕೆ ಒಂದು ಸೇರುತ್ತೆ. ಎಣಿಸೋ ಪ್ರೋಗ್ರಾಂಗೆ ಬೈಗುಳವೂ ಒಂದೇ, ಚಪ್ಪಾಳೆಯೂ ಒಂದೇ.

ಹಾಗಂತ ಅಂಕಿಯನ್ನು ಎಸೀರಿ ಅಂತ ನಾನು ಹೇಳಲ್ಲ. ಸಾವಿರಾರು ಪ್ರಬಂಧಗಳಲ್ಲಿ ಎಲ್ಲಿಂದ ಓದೋಕೆ ಶುರು ಮಾಡಬೇಕು ಅಂತ ತಿಳಿಯೋಕೆ ಅದು ಬೇಕೇ ಬೇಕು. ಆದರೆ ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಬಡ್ತಿಗೆ ಪ್ರಬಂಧ ಎಣಿಸೋ ಪದ್ಧತಿ ಇದೆ. ಎಣಿಕೆಯೇ ಗುರಿಯಾದರೆ, ಒಂದು ಒಳ್ಳೆ ಪ್ರಯೋಗವನ್ನು ನಾಲ್ಕು ತುಂಡು ಮಾಡಿ ಛಾಪಿಸೋನು ಬುದ್ಧಿವಂತ, ಮೊಲದ ಕರುಳಿಗೆ ದಾರ ಕಟ್ಟಿ ವರ್ಷಗಟ್ಟಲೆ ಕೂರೋನು ದಡ್ಡ ಅನ್ನೋ ಹಾಗಾಗುತ್ತೆ.

ಹಾಗಾಗಿ ಈ ವೀಡಿಯೊ ನೋಡ್ತಿರೋರಲ್ಲಿ ಆಯ್ಕೆ ಸಮಿತಿಗಳಲ್ಲಿ ಕೂರೋರು ಯಾರಾದ್ರೂ ಇದ್ದರೆ ಒಂದು ವಿನಂತಿ. ಅರ್ಜಿದಾರರ ಅತ್ಯುತ್ತಮ ಎರಡು ಪ್ರಬಂಧ ಕೇಳಿ, ಅವನ್ನು ಕೂತು ಓದಿ, ಆಮೇಲೆ ಅಂಕಿ ನೋಡಿ. ಡೇ ಅವರದ್ದು ಎರಡೇ ಪುಟ. ಓದೋಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕಿತ್ತು.